ಬಿಸಿಲಿನಲ್ಲಿ ಸುರಿದ ಮಳೆ

ಮರ ಒತ್ತೊತ್ತಾಗಿದ್ದರೆ ಎಲೆ ತಿನ್ನುವ ಹುಳ ಹಬ್ಬುತ್ತದೆಂದು, ಹೈದರಾಬಾದಿನಿಂದ ಬಂದಿದ್ದ ನಮ್ಮ ಅರಣ್ಯ ಸಾಹೇಬರು ಬೇಸಿಗೆಯಲ್ಲಿ ಚಿಂಚೋಳಿಯ ಸಾಗವಾನಿ ತೋಪಿನ ಅರ್ಧ ಮರ ಕಡಿಸಿದರು. ಉಳಿದ ಮರಗಳಿಗೆ ಬಿಸಿಲು ಸಿಕ್ಕಿ, ಮೊದಲ ಮಳೆಗೇ ಎಳೆಚಿಗುರು ತುಂಬಿತು. ಹುಳಗಳಿಗೆ ಅದೇ ಬೇಕಿತ್ತು.

ಸಾಹೇಬರು ನೋಡಲು ಬಂದಾಗ ಎಲೆಗಳೆಲ್ಲ ಜರಡಿಯಾಗಿದ್ದವು. ಬಿಸಿಲು ಅವುಗಳಿಂದ ಹಿಟ್ಟಿನಂತೆ ಉದುರುತ್ತಿತ್ತು. ಮೋಡವೇ ಇಲ್ಲ, ಆದರೂ ಸುತ್ತ ತುಂತುರು ಹನಿಯುವ ಸಪ್ಪಳ. ಅವರು ಕಣ್ಣು ಮುಚ್ಚಿ, ಮುಖವೆತ್ತಿ ನಿಂತುಬಿಟ್ಟರು.

"ಛತ್ರಿ ತಗೋರಿ ಸಾಹೇಬ್ರ," ಎಂದೆ. "ಮಳಿ ಅಲ್ರಿ ಇದು..." ಎನ್ನುತ್ತ ಛತ್ರಿ ಬಿಚ್ಚಿ ಅವರತ್ತ ಹಿಡಿದೆ.

"ಹುಳದ ಹಿಕ್ಕಿ. ಗೊತ್ತದಪ್ಪ," ಎಂದರು ಮೆಲ್ಲಗೆ. "ಕಣ್ಣು ತೆಗದ್ರ ನನ್ನ ಹುಕುಂ ಕಾಣ್ತದ."

ನಾನೂ ಛತ್ರಿ ಮಡಚಿ, ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದೆ. ಆ ಮಳೆಯದೊಂದು ಗುಣ, ಎಷ್ಟು ಹೊತ್ತು ನಿಂತರೂ ನೆಗಡಿ ಬರುವುದಿಲ್ಲ.