ಚಾಕು ಮುಟ್ಟದ ದಿಮ್‌ಸಮ್

“ಇದರ ಒಳಗಿನ ಕಾಯಿಪಲ್ಲೆ ಇವತ್ತ ಹೆಚ್ಚಿದ್ದೋ, ನಿನ್ನೆ ಹೆಚ್ಚಿದ್ದೋ? ಅದನ್ನ ಮೊದಲ ಕೇಳು.”

ನಾಗಪುರದ ವಾರ್ಧಾ ರಸ್ತೆಯ ಕಟ್ಟಡವೊಂದರ ಆರನೆಯ ಮಹಡಿಯ ಚೀನೀ ಹೋಟೆಲು. ಮುಖ ಕಾಣುವಷ್ಟು ನುಣುಪಾದ ಕಪ್ಪು ಕಲ್ಲಿನ ಮೇಜು. ಅದರ ಮುಂದೆ ಒಂಬತ್ತು ಗಜದ ಸೀರೆ ಉಟ್ಟು ನೆಟ್ಟಗೆ ಕೂತಿದ್ದ ನನ್ನ ಮನೆಯೊಡತಿ ಕಾಕೂ, ಮೆನು ತೆರೆಯುವ ಮೊದಲೇ ಈ ಪ್ರಶ್ನೆ ಕೇಳಿದರು. ಅವರದು ಮರಾಠಿ. ಎಂಟು ತಿಂಗಳಿಂದ ಕೇಳಿ ಕೇಳಿ ಅದು ನನ್ನ ಕಿವಿಗೆ ನಮ್ಮ ಗದಗದ ಮಾತಿನ ಹಾಗೇ ಕೇಳಿಸುತ್ತದೆ, ಆದ್ದರಿಂದ ಹಾಗೇ ಬರೆಯುತ್ತಿದ್ದೇನೆ. ವೇಟರ್‌ಗೆ ಮರಾಠಿ ಬಾರದು. ನಾನು ಹಿಂದಿಯಲ್ಲಿ ಹೇಳಿದೆ. ಅವನು ಎರಡು ಸಲ ಕೇಳಿಸಿಕೊಂಡ, ಆಮೇಲೆ ಒಳಗೆ ಹೋದ.

ಉತ್ತರ “ಇವತ್ತು” ಎಂದು ಬಂದರೆ ಕಾಕೂ ಎದ್ದು ಹೊರಡುತ್ತಾರೆ. ಅವರು ಎದ್ದು ಹೊರಟರೆ, ಗಾಜಿನ ಗೋಡೆಯ ಆಚೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಹಿಟ್ಟು ಲಟ್ಟಿಸುತ್ತಿರುವ ಅವರ ಸೊಸೆ ಸಾಯಲಿ ನಾಳೆಯಿಂದ ಈ ಕೆಲಸಕ್ಕೆ ಬರುವುದಿಲ್ಲ.

ಕಾಕೂ ಎಂದರೆ ಇಲ್ಲಿ ಚಿಕ್ಕಮ್ಮ. ಬ್ಯಾಂಕಿನ ವರ್ಗಾವಣೆ ಆದೇಶ ಹಿಡಿದು ನಾನು ಗದಗದಿಂದ ಬಂದಾಗ, ಇತವಾರಿ ಪೇಟೆಯ ಹಿಂದಿನ ಗಲ್ಲಿಯಲ್ಲಿ ಇವರ ಮಹಡಿ ಮೇಲಿನ ಎರಡು ಕೋಣೆ ಸಿಕ್ಕವು. ನನ್ನ ಗಂಡ ಗದಗದ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಕಾಕೂ ಮಗ ಉಮರೇಡ್‌ನ ಕಲ್ಲಿದ್ದಲು ಗಣಿಯ ಕಚೇರಿಯಲ್ಲಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಹೀಗಾಗಿ ವಾರದ ಆರು ದಿನ ಆ ಮನೆಯಲ್ಲಿ ಮೂವರೇ ಹೆಂಗಸರು. ಮೊದಲ ತಿಂಗಳುಗಳಲ್ಲಿ ನಾನು ಮೆಟ್ಟಿಲು ಹತ್ತುವ ಸದ್ದು ಬಿಟ್ಟರೆ ಬೇರೆ ಸದ್ದು ಮಾಡುತ್ತಿರಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಯಾರು ಏನು ಕೇಳಿದರೂ “ಬರೋಬರ್, ಬರೋಬರ್” ಎನ್ನುತ್ತಿದ್ದೆ. ಸರಿ ಎಂದು ಅದರ ಅರ್ಥ. ಸರಿಯಿಲ್ಲದ್ದಕ್ಕೂ ಹಾಗೇ ಅಂದು ಒಮ್ಮೆ ಮ್ಯಾನೇಜರರಿಂದ ಬೈಸಿಕೊಂಡೆ.

ಸಾಯಲಿ ಈ ಹೋಟೆಲಿಗೆ ಸೇರಿ ಆರು ತಿಂಗಳಾಗಿತ್ತು. ದಿಮ್‌ಸಮ್ ಎಂದರೆ ಚಹಾದ ಜೊತೆ ತಿನ್ನುವ ಚೀನೀ ತಿನಿಸು. ತೆಳ್ಳಗಿನ ಹಿಟ್ಟಿನ ಹಾಳೆಯಲ್ಲಿ ಹೂರಣ ತುಂಬಿ, ಅಂಚಿಗೆ ನೆರಿಗೆ ಹಿಡಿದು, ಬಿದಿರಿನ ಬುಟ್ಟಿಯಲ್ಲಿ ಉಗಿಯಲ್ಲಿ ಬೇಯಿಸುತ್ತಾರೆ. ಅವಳು ಅದರ ನೆರಿಗೆ ಹಿಡಿಯುವವಳು. ಮನೆಯ ಸೊಸೆ ಹೋಟೆಲಿನಲ್ಲಿ ಮಂದಿಯ ಹಿಟ್ಟು ನಾದುವುದು ಕಾಕೂಗೆ ಸರಿಬರಲಿಲ್ಲ. ಅವಳು ತಂದ ಡಬ್ಬಿಗಳನ್ನು ಒಂದು ದಿನವೂ ತೆರೆದಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸಾಯಲಿ ನನ್ನ ಎದುರಿಗೇ ಅತ್ತೆಗೆ ಹೇಳಿದಳು: “ಆಈ, ಒಂದ ಸಲ ಅಲ್ಲಿಗೆ ಬಂದು ನನ್ನ ಕೈದು ತಿನ್ರಿ. ಬ್ಯಾಡ ಅನಿಸಿದ್ರ ನಾ ಕೆಲಸ ಬಿಡ್ತೀನಿ. ಮತ್ತ ಮಾತಾಡೂದಿಲ್ಲ.” ದಿನವನ್ನೂ ಅವಳೇ ಆರಿಸಿದಳು: ನಾಗರ ಪಂಚಮಿ, ಈ ಸಲ ಭಾನುವಾರ ಬಂದಿತ್ತು.

ಆ ಆಯ್ಕೆಯ ಜಾಣತನ ನನಗೆ ತಕ್ಷಣ ತಿಳಿಯಿತು. ಪಂಚಮಿಯ ದಿನ ನಮ್ಮ ಕಡೆ ಒಲೆಯ ಮೇಲೆ ಹಂಚು ಇಡುವುದಿಲ್ಲ, ಕರಿಯುವುದಿಲ್ಲ, ಏನನ್ನೂ ಹೆಚ್ಚುವುದಿಲ್ಲ. ಉಗಿಯಲ್ಲಿ ಬೇಯಿಸಿದ ಹೂರಣದ ಕಡುಬೇ ಊಟ. ಇಲ್ಲಿಯೂ ಅದೇ ನೇಮ, ಕಡುಬಿನ ಬದಲು ದಿಂಡ ಎನ್ನುವ ಚೌಕದ ಪೊಟ್ಟಣ. ಶ್ರಾವಣವಾದ್ದರಿಂದ ಆ ಹೋಟೆಲಿನವರೂ ಮಾಂಸವಿಲ್ಲದ ಬೇರೆ ಮೆನು ಇಟ್ಟಿದ್ದರು. ಎಲ್ಲ ಸರಿಹೋಗಿತ್ತು. ಹೆಚ್ಚುವ ಮಾತೊಂದನ್ನು ನಾನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಯಾರೋ ಬಿಟ್ಟಿಯಾಗಿ ಹಪ್ಪಳದಂಥದ್ದು ತಂದಿಟ್ಟರು. ಕರಿದದ್ದು. ಕಾಕೂ ಮುಖ ತಿರುಗಿಸಿದರು. ನಾನು ಬಟ್ಟಲನ್ನು ನನ್ನ ಚೀಲದ ಹಿಂದೆ ಸರಿಸಿದೆ.

ವೇಟರ್ ಮರಳಿ ಬರಲಿಲ್ಲ. ಬಂದದ್ದು ಅಡುಗೆಮನೆಯ ಮುಖ್ಯಸ್ಥೆ, ದಾರ್ಜಿಲಿಂಗ್ ಕಡೆಯ, ಐವತ್ತರ ಆಸುಪಾಸಿನ ಹೆಂಗಸು. ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತು ಹಿಂದಿಯಲ್ಲಿ ಹೇಳಿದರು.

“ಮಾತಾಜಿ, ನಿಮ್ಮ ಸೊಸಿ ನಿನ್ನೆ ಡ್ಯೂಟಿ ಮುಗಿದ ಮ್ಯಾಲೂ ನಿಂತು ಎಲ್ಲಾ ಹೆಚ್ಚಿಟ್ಟಾಳ. ಇವತ್ತ ಮುಂಜಾನಿಂದ ಚಾಕು ಮುಟ್ಟಿಲ್ಲ. ಬೈದೆ ನಾನು. ಇವತ್ತ ರೈತರು ನೇಗಿಲ ಸೈತ ನೆಲಕ್ಕ ಹಚ್ಚೂದಿಲ್ಲ, ನಾ ಹೆಂಗ ಚಾಕು ಹಿಡೀಲಿ ಅಂದ್ಲು. ಇಷ್ಟು ವರ್ಷದಾಗ ಚಾಕು ಹಿಡೀಲಿಕ್ಕೆ ಒಲ್ಲೆ ಅಂದ ಅಡಿಗಿಯಾಕಿನ್ನ ನಾ ನೋಡಿದ್ದು ಇದ ಮೊದಲ!”

ನಾನು ಒಂದು ಮಾತೂ ಬಿಡದೆ ಮರಾಠಿಗೆ ತಿರುಗಿಸಿದೆ. ಕಾಕೂ ಗಾಜಿನ ಕಡೆ ನೋಡಿದರು. ಸಾಯಲಿ ತಲೆ ಎತ್ತಲಿಲ್ಲ, ಆದರೆ ಅವಳ ಲಟ್ಟಣಿಗೆ ನಿಂತಿತ್ತು.

“ಮನ್ಯಾಗ ನನಗ ಹೇಳಲೇ ಇಲ್ಲ,” ಅಂದರು ಕಾಕೂ. ಅದನ್ನು ಹಿಂದಿಗೆ ತಿರುಗಿಸಿದೆ.

“ಹೇಳಿದ್ರ ನಂಬತಿದ್ರೇನು?” ಅಂದರು ಮುಖ್ಯಸ್ಥೆ.

ಅದನ್ನು ಮರಾಠಿಗೆ ತಿರುಗಿಸಲು ನನಗೆ ಧೈರ್ಯವಾಗಲಿಲ್ಲ. ಆದರೆ ಕಾಕೂಗೆ ಅಷ್ಟು ಹಿಂದಿ ಅರ್ಥವಾಗಿತ್ತು. ಗಂಟಲಲ್ಲೇ ಸಣ್ಣಗೆ ನಕ್ಕರು. ನಾನು ಆ ನಗೆಯ ಬೆನ್ನಿಗೇ, “ನಮ್ಮ ಅವ್ವನೂ ಹಿಂದಿನ ದಿನಾನ ಕೊತ್ತಂಬರಿ ಹೆಚ್ಚಿ ಒದ್ದಿ ಅರಿವಿ ಮುಚ್ಚಿ ಇಡ್ತಾಳ ಕಾಕೂ,” ಎಂದೆ.

“ಗದಗದಾಗೂ ಈ ನೇಮ ಐತಿ?”

“ಐತಿ.”

“ಎಂಟ ತಿಂಗಳಾತು, ಒಂದ ಮಾತ ಹೇಳಬಾರದೇನ ಪೋರೀ?” ಪೋರೀ ಎಂದರೆ ಹುಡುಗಿ. ನನಗೆ ನಲವತ್ತೊಂದು ವರ್ಷ.

ಮೊದಲ ಬುಟ್ಟಿ ಬಂತು. ಮುಚ್ಚಳ ತೆಗೆದಾಗ ಉಗಿ ಕಾಕೂ ಕನ್ನಡಕವನ್ನು ಬೆಳ್ಳಗೆ ಮಾಡಿತು. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. ಬುಟ್ಟಿಯಲ್ಲಿ ನಾಲ್ಕು. ಒಳಗಿನ ಪಾಲಕದ ಹಸಿರು ಹೊರಗೆ ಕಾಣುವಷ್ಟು ಹಾಳೆ ತೆಳುವಾಗಿತ್ತು. ತಿನ್ನಲು ಕೊಟ್ಟ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಒಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ನೆರಿಗೆ ಎಣಿಸಿದರು. “ಹದಿಮೂರು,” ಅಂದರು. “ಮನ್ಯಾಗ ಇಕಿ ಮಾಡಿದ ಚಪಾತಿ ದುಂಡಗ ಬರೂದಿಲ್ಲ. ಇಲ್ಲಿ ನೋಡು ಇಕಿ ಕೈ!”

ತಿನ್ನುತ್ತಾರೆ ಎಂದು ಕಾದೆ. ತಿನ್ನಲಿಲ್ಲ. ಅದನ್ನು ತಟ್ಟೆಯಲ್ಲಿಟ್ಟು, ಕೈಚೀಲದ ತಳದಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದು, ಮುಚ್ಚಳ ತಿರುಗಿಸಿ, ಚೀನೀ ಚಮಚದಿಂದ ದಿಮ್‌ಸಮ್ ಮೇಲೆ ತುಪ್ಪ ಸುರಿದರು. ನನ್ನ ತಟ್ಟೆಗೂ ಸುರಿದರು. ಪಕ್ಕದ ಮೇಜಿನವರು ಮಾತು ನಿಲ್ಲಿಸಿ ನೋಡಿದರು.

“ಉಗಿಯಾಗ ಬೆಂದದ್ದು ತುಪ್ಪ ಇಲ್ಲದ ತಿಂದ್ರ ಜ್ವರದಾಗಿನ ಊಟ ಇದ್ದಂಗ,” ಎಂದು ಅವರಿಗೂ ಕೇಳುವಂತೆ ಹೇಳಿ ಬಾಯಿಗಿಟ್ಟುಕೊಂಡರು.

ನಾನು ಆ ಡಬ್ಬಿಯನ್ನೇ ನೋಡುತ್ತಿದ್ದೆ. ಅದನ್ನು ಮನೆಯಲ್ಲೇ ತುಂಬಿಕೊಂಡು ಬಂದಿದ್ದರು. ಅಂದರೆ ತಿನ್ನುವ ಮನಸ್ಸು ಮಾಡಿಯೇ ಹೊರಟಿದ್ದರು. ಕಾಯಿಪಲ್ಲೆ ನಿನ್ನೆ ಹೆಚ್ಚಿದ್ದೋ ಇವತ್ತೋ ಎಂದು ಅವರು ಕೇಳಿದ್ದೆಲ್ಲ ಆ ಮನಸ್ಸಿಗೆ ಒಂದು ಕಾರಣ ಹುಡುಕುವ ಕೆಲಸವಾಗಿತ್ತು. ನನಗೆ ನಗು ಬಂತು, ಅದರ ಜೊತೆ ಕಣ್ಣಲ್ಲಿ ನೀರೂ ಬಂತು. ಉಗಿ ಎಂದುಕೊಳ್ಳಲಿ ಎಂದು ಬುಟ್ಟಿಯ ಮೇಲೆ ಬಗ್ಗಿದೆ.

ರುಚಿ? ಪಾಲಕ, ಅಣಬೆ, ಸ್ವಲ್ಪ ಹಸಿಶುಂಠಿ. ಹಾಳೆ ನಾಲಿಗೆಯ ಮೇಲೆ ಜಾರುತ್ತದೆ. ನಮ್ಮ ಕಡುಬು ಹಲ್ಲಿಗೆ ಸಿಗುತ್ತದೆ, ಇದು ಸಿಗುವುದಿಲ್ಲ. ತುಪ್ಪ ಬಿದ್ದ ಮೇಲೆ ಎರಡರ ನಡುವೆ ನೆಂಟಸ್ತಿಕೆ ಬೆಳೆಯಿತು. ಮುಖ್ಯಸ್ಥೆಯೂ ಒಂದಕ್ಕೆ ತುಪ್ಪ ಹಾಕಿಸಿಕೊಂಡು ತಿಂದು, ಕಣ್ಣು ಮುಚ್ಚಿ ತಲೆಯಾಡಿಸಿದರು. ನಾವು ಆರು ಬುಟ್ಟಿ ಖಾಲಿ ಮಾಡಿದೆವು.

ಊಟದ ಹೊತ್ತು ಮುಗಿದ ಮೇಲೆ ಸಾಯಲಿ ಹೊರಗೆ ಬಂದು ಟೊಪ್ಪಿಗೆ ತೆಗೆದು ನಿಂತಳು.

“ನೆರಿಗಿ ಚಲೋ ಬಂದಾವ. ಉಪ್ಪ ಕಡಿಮಿ,” ಅಂದರು ಕಾಕೂ. “ಮುಂದಿನ ಪಂಚಮಿಗೆ ರಜಾ ಹಾಕು. ಮನ್ಯಾಗ ದಿಂಡ ನೀನ ಮಾಡಬೇಕು.”

“ರಜಾ?” ಸಾಯಲಿ ತಡೆದು ತಡೆದು ಕೇಳಿದಳು.

“ಮತ್ತ? ಕೆಲಸದಾಗ ಇದ್ದವರು ರಜಾ ಹಾಕಬೇಕಲ್ಲ. ಸುಮಾ, ನೀನೂ ನಿಮ್ಮ ಕಡೆದು ಕಡಬು ಮಾಡು. ಯಾರ ನೆರಿಗಿ ಹೆಚ್ಚ ಅಂತ ನಾ ಎಣಿಸ್ತೀನಿ.”

ಹೂಂ ಎಂದೆ. ಬಹಳ ದಿನಗಳಲ್ಲಿ ಅಷ್ಟು ಗಟ್ಟಿಯಾಗಿ ಹೂಂ ಎಂದಿರಲಿಲ್ಲ.

ಮೂವರೂ ಮೆಟ್ರೋ ಹತ್ತಿದೆವು. ಸಾಯಲಿ ಅತ್ತೆಯ ಭುಜಕ್ಕೆ ಒರಗಿ ನಿದ್ದೆ ಹೋದಳು. ಆಗ ಗದಗದಿಂದ ತಮ್ಮನ ಫೋನು ಬಂತು. ಪಂಚಮಿಗೆ ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಮದುವೆಯಾದ ಮೇಲೆ ತಪ್ಪಿದ್ದು ಇದೇ ಮೊದಲು.

“ಅಕ್ಕಾ, ಜೋಕಾಲಿ ಕಟ್ಟೇವಿ, ನೀ ಇಲ್ಲ. ಅವ್ವ ಮುಂಜಾನಿಂದ ನಿಂದ ಹೆಸರ ತಗೀತಾಳ. ಮುಂದಿನ ಪಂಚಮಿಗೆ ನಾನ ನಾಗಪುರಕ್ಕ ಬಂದು ಕರಕೊಂಡ ಹೋಗ್ತೀನಿ. ಹೂಂ ಅನ್ನು.”

“ಹೂಂ,” ಎಂದೆ. ಅದೂ ಗಟ್ಟಿಯಾಗಿಯೇ ಬಂತು.

“ಏನಂತ ನಿನ್ನ ತಮ್ಮ?” ಎಂದು ಕಾಕೂ ಕೇಳಿದರು.

“ಆರಾಮ ಇದ್ದಾನ ಕಾಕೂ.”

ಪಂಚಮಿ ಎರಡೂ ಊರಿನಲ್ಲಿ ಒಂದೇ ದಿನ ಬರುತ್ತದೆ. ಎರಡೂ ಕಡೆ ಹೂಂ ಎಂದದ್ದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ.