ಅಂಚಿನಲ್ಲಿ ಬರೆಯದೆ ಉಳಿದ ‘ಹೌದು’

ನಮ್ಮ ಗುರುಗಳ ಬಲಗೈಯ ತೋರುಬೆರಳಿಗೆ ಅರ್ಧವೇ ಉಗುರು. ಬಾಲ್ಯದಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಹೋದ ಉಳಿದರ್ಧದ ಜಾಗದಲ್ಲಿ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. ಓದುವಾಗ ಆ ಬೆರಳು ಸಾಲಿನ ಕೆಳಗೆ ನಿಧಾನವಾಗಿ ಚಲಿಸುವುದು. ತಪ್ಪು ಕಂಡಲ್ಲಿ ನಿಲ್ಲುವುದು. ಅವರು ಯಾರನ್ನೂ ಗದರಿದ್ದನ್ನು ನಾನು ಕೇಳಿಲ್ಲ. ಬೆರಳು ನಿಂತರೆ ಸಾಕು, ಎದುರಿಗೆ ಕುಳಿತವರು ಆ ಸಾಲನ್ನು ತಾವೇ ಮತ್ತೆ ಓದಿಕೊಳ್ಳುತ್ತಿದ್ದರು.

ಮುಳಬಾಗಿಲಿನಲ್ಲಿ ಆಂಜನೇಯನ ಗುಡಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ಕಾಲೇಜಿನಲ್ಲಿ ಸಂಸ್ಕೃತ ಕಲಿಸಿ, ಉಳಿದ ಹೊತ್ತನ್ನೆಲ್ಲ ಸುತ್ತಲಿನ ಶಾಸನಗಳಿಗೆ ಮೀಸಲಿಟ್ಟವರು. ಬೆಳಗಿನ ಸಂಧ್ಯಾವಂದನೆ ಮುಗಿಯದೆ ಲೇಖನಿ ಮುಟ್ಟುತ್ತಿರಲಿಲ್ಲ. ಬರವಣಿಗೆಯಲ್ಲಿಯೂ ಅವರದು ಅಂಥದೇ ಒಂದು ನಿಯಮ. ಒಬ್ಬರ ಅಭಿಪ್ರಾಯವನ್ನು ಖಂಡಿಸಬೇಕಾದರೆ ಮೊದಲು ಆ ಅಭಿಪ್ರಾಯವನ್ನು, ಶಾಸ್ತ್ರದಲ್ಲಿ ಪೂರ್ವಪಕ್ಷವೆನ್ನುವುದನ್ನು, ಒಂದು ಹಾಳೆಯಲ್ಲಿ ಬರೆಯಬೇಕು. ಆ ಅಭಿಪ್ರಾಯದವರು ಬದುಕಿದ್ದರೆ ಅವರೆದುರು ಕುಳಿತು ಓದಬೇಕು. ಅವರು ಒಪ್ಪಿ ಅಂಚಿನಲ್ಲಿ ಪೆನ್ಸಿಲಿನಿಂದ ‘ಹೌದು’ ಎಂದು ಬರೆದುಕೊಟ್ಟ ಮೇಲೆಯೇ ಖಂಡನೆಗೆ ತೊಡಗಬೇಕು.

“ಬೈಯೋದಕ್ಕೆ ಮುಂಚೆ ಅವರ ಮನೇಲೇ ಊಟ ಮಾಡ್ಕೊಂಡು ಬರ್ತಾರಪ್ಪ ನಿಮ್ಮ ಗುರುಗಳು!” ಎಂದು ಅವರ ಪತ್ನಿ, ನಮ್ಮೆಲ್ಲರ ಪಾಲಿನ ಅಮ್ಮನವರು, ನಗುತ್ತಿದ್ದರು.

ನನ್ನ ಮೊದಲ ಪ್ರಬಂಧದ ಕಾಲದಲ್ಲಿ ಶ್ರೀನಿವಾಸಪುರದ ಒಬ್ಬ ವೃದ್ಧ ಪಂಡಿತರ ಬಳಿಗೆ ಗುರುಗಳು ನನ್ನನ್ನು ಬಸ್ಸಿನಲ್ಲಿ ಕರೆದೊಯ್ದರು. ಆ ಪಂಡಿತರ ಮತವನ್ನು ಅವರಿಗೇ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ, “ಅವುನು, ಅವುನು” ಎಂದು ತೆಲುಗಿನಲ್ಲೇ ಹೌದೆನ್ನುತ್ತ ತಲೆದೂಗಿದರು. “ಲೇ, ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದೀಯಲ್ಲೋ! ಇಷ್ಟು ಗಟ್ಟಿಯಾಗಿ ಕಟ್ಟಿ ಆಮೇಲೆ ಹೆಂಗೆ ಕೆಡವ್ತೀಯ?”

ಹಿಂದಿರುಗುವಾಗ ಗುರುಗಳೆಂದರು: “ನಾವು ಕೆಡವಬೇಕಾದ್ದು ಅವರ ಮನೆ ಕಣಯ್ಯ. ನಾವೇ ಕಟ್ಟಿದ ಮರಳಿನ ಗುಬ್ಬಿಗೂಡನ್ನಲ್ಲ.”

ಆ ನಿಯಮವನ್ನು ನಾನು ಮುರಿದದ್ದು ಒಮ್ಮೆ. ಮುರಿದದ್ದು ಗುರುಗಳ ವಿಷಯದಲ್ಲೇ.

ತಾಯಲೂರಿನ ಕಡೆ ಕೆರೆಯೊಂದರ ಏರಿಯ ಮೇಲೆ ಅರ್ಧ ಹೂತ ಶಾಸನದ ಕಲ್ಲಿದೆ. ಅದನ್ನು ಓದಿ, ಆ ಕೆರೆಯನ್ನು ದೇವಾಲಯ ಕಟ್ಟಿಸಿತೆಂದು ಗುರುಗಳು ಹಿಂದೆ ಬರೆದಿದ್ದರು. ಕೆರೆ ಊರವರು ಕಟ್ಟಿದ್ದು, ದೇವಾಲಯ ಮಾಡಿಸಿದ್ದು ದುರಸ್ತಿ ಮಾತ್ರ ಎಂದು ನಿವೃತ್ತನಾದ ಮೇಲೆ ನನಗೆ ತೋರಿತು. ಅವರಿಗಾಗಲೇ ತೊಂಬತ್ತು ಸಮೀಪಿಸಿತ್ತು. ಈ ವಯಸ್ಸಿನಲ್ಲಿ ಅವರೆದುರು ಕುಳಿತು ಅವರನ್ನೇ ಖಂಡಿಸುವುದೆ? ಭಕ್ತಿಯ ಹೆಸರು ಹೇಳಿಕೊಂಡು, ಕೋಲಾರದಿಂದ ಮುಳಬಾಗಿಲಿಗೆ ಹೋಗುವುದನ್ನು ತಪ್ಪಿಸಿಕೊಂಡೆ. ಅವರ ಮತವನ್ನು ನೆನಪಿನಿಂದಲೇ ಎರಡು ಸಾಲಿನಲ್ಲಿ ಬರೆದು, ಖಂಡಿಸಿ, ಪತ್ರಿಕೆಯೊಂದಕ್ಕೆ ಕಳುಹಿಸಿದೆ. ಅಚ್ಚಾಯಿತು.

ಪ್ರತಿಯನ್ನು ಹಣ್ಣಿನೊಂದಿಗೆ ಒಯ್ದು ನಮಸ್ಕರಿಸಿದೆ. ಬೆರಳು ಸಾಲುಗಳ ಕೆಳಗೆ ಹೊರಟಿತು. ಎರಡನೆಯ ಪುಟದಲ್ಲಿ ನಿಂತಿತು.

“ಕಲ್ಲಿನ ಕೆಳಭಾಗ ಮಣ್ಣಲ್ಲಿದೆ, ಅದನ್ನ ಓದೋ ತನಕ ಇದು ಊಹೆ ಅಂತ ಬರೆದಿದ್ದೆನಲ್ಲಯ್ಯ. ಅದೆಲ್ಲಿ ಹೋಯ್ತು?”

ಆ ಮಾತು ಮರೆತಿತ್ತೆಂದರೆ ಅರ್ಧ ಸತ್ಯ. ಅದನ್ನು ಬಿಟ್ಟರೆ ನನ್ನ ವಾದ ಸುಲಭವಾಗುವುದೆಂದು ಒಳಗೊಳಗೇ ಗೊತ್ತಿತ್ತು.

“ನನ್ನನ್ನ ಖಂಡಿಸಿದ್ರೆ ಸಂತೋಷಪಡ್ತಿದ್ದೆ. ಇದು ನನ್ನ ಮಾತಲ್ಲ ಕಣಯ್ಯ. ಓದಿದೋರೆಲ್ಲ ನಾನು ಹೀಗೇ ಅಂದಿದ್ದೆ ಅಂತ ತಿಳ್ಕೋತಾರೆ. ನಾನು ಹೋದ ಮೇಲೆ, ಅಲ್ಲ ಅನ್ನೋಕೆ ಯಾರಿದಾರೆ?”

“ತಿದ್ದುಪಡಿ ಬರೆದು ತರ್ತೀನಿ, ಗುರುಗಳೆ.”

“ತಗೊಂಡ್ ಬಾ. ಪೆನ್ಸಿಲ್ ಮೊನೆ ಮಾಡಿ ಇಟ್ಟಿರ್ತೀನಿ.”

ಅವರ ಹಳೆಯ ಲೇಖನವನ್ನು ಹುಡುಕಿಸಿ, ಮತ್ತೆ ಮತ್ತೆ ಓದಿ, ಒಂದು ಹಾಳೆ ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು. ಹನ್ನೆರಡನೆಯ ದಿನ ಬೆಳಿಗ್ಗೆ, ಅವರಿಗೆ ಪಾರ್ಶ್ವವಾಯು ಬಡಿದ ಸುದ್ದಿ ಬಂತು. ಹಾಳೆ ಹಿಡಿದು ಓಡಿದೆ. ಮಾತಿಲ್ಲ, ಕಣ್ಣು ತೆರೆದಿದ್ದರೂ ನೋಟವಿಲ್ಲ. ಮಂಚದ ಪಕ್ಕದ ಗೂಡಿನಲ್ಲಿ ಮೊನೆ ಮಾಡಿದ ಪೆನ್ಸಿಲ್ ಇತ್ತು.

ಮಣ್ಣಿನಲ್ಲಿ ಹೂತ ಭಾಗದ ಮಾತನ್ನೂ ಬಿಡದೆ, ಕೊನೆಯವರೆಗೆ ಓದಿದೆ. ಹೊದಿಕೆಯ ಮೇಲಿದ್ದ ಅರ್ಧ ಉಗುರಿನ ಬೆರಳು ಅಲುಗಲಿಲ್ಲ. ಬೆರಳು ನಿಂತರೆ ತಪ್ಪೆಂದು ತಿಳಿದೇ ಬೆಳೆದವನು ನಾನು. ಅಂದು ಅದರ ಅರ್ಥವನ್ನು ಯಾರನ್ನು ಕೇಳಲಿ?

ಅಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಪೆನ್ಸಿಲ್ ಎತ್ತಿಕೊಂಡರು. “ಅವರ ಕೈ ಹಿಡ್ಕೊಂಡು ನಾನೇ ಬರೆಸ್ಲೇನಪ್ಪಾ? ಅಕ್ಷರಾಭ್ಯಾಸ ಮಾಡಿಸ್ದಂಗೆ?”

“ಬೇಡಮ್ಮ,” ಎಂದೆ. “ಅದು ಅವರ ಮಾತಾಗೋದಿಲ್ಲ.”

ಮೂರನೆಯ ದಿನ ಅವರು ದೈವಾಧೀನರಾದರು. ತಿದ್ದುಪಡಿ ಅದೇ ಪತ್ರಿಕೆಯಲ್ಲಿ ಅಚ್ಚಾಗಿದೆ. ಹಾಳೆ ನನ್ನ ಪೂಜೆಯ ಪೆಟ್ಟಿಗೆಯಲ್ಲಿದೆ. ಅದರ ಅಂಚು ಖಾಲಿ. ಅಚ್ಚಿಗೆ ಕಳುಹಿಸುವಾಗ ಕೊನೆಯಲ್ಲಿ ಒಂದು ಸಾಲನ್ನು ನಾನೇ ಸೇರಿಸಿದೆ: ‘ಇದನ್ನು ಅವರ ಮುಂದೆ ಓದಲಾಯಿತು, ಅವರ ಒಪ್ಪಿಗೆ ದೊರೆತಿಲ್ಲ.’