ಗಾಳ ಹಿಡಿದವರನ್ನು ಎಲ್ಲಿಗೆಂದು ಕೇಳಬಾರದು

ನಮ್ಮನೆಯವರು ಹಿತ್ತಲ ಕಲ್ಲಿನ ಮೇಲೆ ಮೀನು ಉಜ್ಜುತ್ತಿದ್ದಾರೆ. ಬೂದಿ ಸಾಲದು ಎಂದು ಒಮ್ಮೆ, ಬೆಕ್ಕನ್ನು ಅಟ್ಟು ಎಂದು ಇನ್ನೊಮ್ಮೆ ಕೂಗಿದ್ದಾರೆ. ನಾನು ಎದ್ದಿಲ್ಲ. ಕೂಗುವ ಗಂಟಲು ಮನೆಯಲ್ಲಿದೆಯಲ್ಲ, ಬೆಕ್ಕು ಒಂದು ಮೀನು ತಿಂದರೆ ತಿನ್ನಲಿ. ಈ ನೆಮ್ಮದಿ ನನಗೆ ಸುಮ್ಮನೆ ಬಂದದ್ದಲ್ಲ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಕೆರೆಯಿಂದ ಕೆರೆಗೆ ಅಲೆದು ಸಂಪಾದಿಸಿಕೊಂಡದ್ದು. ಆ ದಿನದ ಕತೆ ಹೇಳುತ್ತೇನೆ.

ಮಧುಗಿರಿಯಲ್ಲಿ ನಮ್ಮ ಮನೆ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಇವರು ಶಿರಾ, ಮಧುಗಿರಿ, ಪಾವಗಡದ ನಡುವೆ ಓಡುವ ಖಾಸಗಿ ಬಸ್ಸಿಗೆ ಡ್ರೈವರಾಗಿದ್ದರು. ರಜಾ ಸಿಕ್ಕಿತೆಂದರೆ ಗಾಳ ಹಿಡಿದು ಹೊರಟರು. ಕೊರಟಗೆರೆಯೂ ಸೇರಿ ನಾಲ್ಕು ತಾಲೂಕಿನಲ್ಲಿ ಅವರು ಕೂರದ ಕೆರೆ ಏರಿ ಇರಲಿಕ್ಕಿಲ್ಲ. ನನಗೆ ಮೀನೆಂದರೆ ಸಾರು, ಅಷ್ಟೆ. ಬಿಸಿಲಲ್ಲಿ ಕಡ್ಡಿ ಹಿಡಿದು ಕೂರುವುದರಲ್ಲಿ ಏನು ಸುಖವೋ ಎಂದು ಮದುವೆಯಾದಾಗಿನಿಂದ ಬೈದುಕೊಂಡೇ ಬಂದವಳು ನಾನು. ನನ್ನ ಬಾಯಿ ಸ್ವಲ್ಪ ಜೋರು, ಅದು ಬೀದಿಗೆಲ್ಲ ಗೊತ್ತು.

ಅದಕ್ಕೂ ಹಿಂದಿನ ವರ್ಷ ಇವರಿಗೆ ಫಿಟ್ಸ್ ಬಂತು. ಪುಣ್ಯಕ್ಕೆ ಸ್ಟೇರಿಂಗ್ ಹಿಡಿದಾಗ ಅಲ್ಲ, ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ. ಆಮೇಲೆ ಮನೆಯಲ್ಲೂ ಒಂದು ಸಲ ಬಿದ್ದರು. ತುಮಕೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಗಾಡಿ ಓಡಿಸುವ ಹಾಗಿಲ್ಲ, ಬೆಂಕಿಯ ಹತ್ತಿರ ನೀರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ ಎಂದರು. ಕೆಲಸವೂ ಹೋಯಿತು, ಕೆರೆಯೂ ಹೋಯಿತು. ಇವರು ಗಾಳದ ಕಡ್ಡಿಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅಲ್ಲಿಂದ ಮಾತು ನಿಂತಿತು. ಉಣ್ಣಿ ಎಂದರೆ ಹೂಂ, ಮಲಗಿ ಎಂದರೆ ಹೂಂ, ಜಗಳ ತೆಗೆದರೂ ಹೂಂ. ಜಗಳಕ್ಕೂ ಬಾರದ ಗಂಡನನ್ನು ಕಟ್ಟಿಕೊಂಡು ಬಾಳುವುದು ಎಷ್ಟು ಭಯದ ಕೆಲಸ ಎನ್ನುವುದು ನನಗೆ ಆಗಲೇ ಗೊತ್ತಾದದ್ದು.

ಆ ದಿನ ಬೆಳಿಗ್ಗೆ ನಾನು ಲೈನಿಂಗ್ ಬಟ್ಟೆ ತರಲು ಪೇಟೆಗೆ ಹೋಗಿದ್ದೆ. ವಾಪಸು ಬಂದರೆ ಅಟ್ಟದ ಗೋಣಿ ನೆಲದ ಮೇಲೆ ಬಿದ್ದಿತ್ತು, ಒಳಗೆ ಕಡ್ಡಿ ಇರಲಿಲ್ಲ. ಇವರ ಫೋನು ಚಾರ್ಜಿಗೆ ಹಾಕಿದ ಹಾಗೇ ಇತ್ತು. ಅತ್ತೆ ಜಗಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಅವರು ಪಾವಗಡದ ಕಡೆಯವರು, ಗಾಬರಿಯಾದರೆ ಅರ್ಧ ತೆಲುಗು ಬರುತ್ತದೆ.

"ಇವರೆಲ್ಲತ್ತೆ?"

"ಗಾಳ ತಕ್ಕೊಂಡು ಹೋದ ಕಣಮ್ಮ."

"ಎಲ್ಲಿಗೆ?"

"ಏಮಮ್ಮಾ, ಗಾಳ ಹಿಡ್ದೋರ್ನ ಎಲ್ಲಿಗೆ ಅಂತ ಕೇಳ್ತಾರಾ? ಅವನು ಬಾಗಲು ದಾಟೋಗಂಟ ನಾನು ಗ್ವಾಡೆ ಕಡೆ ತಿರುಗ್ಕೊಂಡು ಕುಂತಿದ್ದೆ."

ಗಾಳ ಹಾಕುವವರಲ್ಲಿ ಇದೊಂದು ಶಾಸ್ತ್ರ. ಕಡ್ಡಿ ಹಿಡಿದು ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಅವನೂ ಹೇಳಬಾರದು. ಕೇಳಿದರೆ ಮೀನು ಬೀಳುವುದಿಲ್ಲವಂತೆ. ಯಾರಾದರೂ ಗೊತ್ತಿಲ್ಲದೆ ಕೇಳಿಬಿಟ್ಟರೆ ಇವರು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ನಮ್ಮ ಮನೆಯಲ್ಲಿ ಇದನ್ನು ಹಬ್ಬದ ಮಡಿಗಿಂತ ಹೆಚ್ಚಾಗಿ ಪಾಲಿಸಿದ್ದೇವೆ. ಪಾಲಿಸಿ ಪಾಲಿಸಿ, ನೀರಿನ ಹತ್ತಿರ ಬಿಡಬೇಡಿ ಎಂದು ಡಾಕ್ಟರು ಹೇಳಿದ ಮನುಷ್ಯ ಹೊಸ್ತಿಲು ದಾಟುವಾಗ ಹೆತ್ತ ತಾಯಿ ಗೋಡೆ ನೋಡುತ್ತ ಕೂತಿದ್ದಾಳೆ. ನನಗೆ ತಲೆ ಕೆಟ್ಟು ಕೆರ ಹಿಡಿಯಿತು. ಆಡಬಾರದ ಮಾತು ಆಡಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋಗಿ ನನ್ನ ಸ್ಕೂಟಿಯ ಪಕ್ಕ ನಿಂತರು.

"ನೀವೆಲ್ಲಿಗೆ?"

"ನಿನ್ನ ಹಿಂದೆ. ತೆಗೀ ಗಾಡಿ."

ನನಗೆ ಎರಡು ಭಯ ಇದ್ದವು. ಒಂದನ್ನು ಬಾಯಿ ಬಿಟ್ಟು ಹೇಳಬಹುದು: ನೀರಿನ ಅಂಚಿನಲ್ಲಿ ಫಿಟ್ಸ್ ಬಂದರೆ ಮೊಣಕಾಲುದ್ದದ ನೀರೂ ಸಾಕು. ಇನ್ನೊಂದನ್ನು ಹೇಳಲಾಗದು. ತಿಂಗಳುಗಟ್ಟಲೆ ಹೂಂ ಎಂದುಕೊಂಡು ಕೂತಿದ್ದ ಮನುಷ್ಯ ಫೋನನ್ನೂ ಬಿಟ್ಟು ಹೋಗಿರುವುದು ಮೀನಿಗಾಗಿಯೋ, ಅಥವಾ ತಾನಾಗಿಯೇ ನೀರಿಗೆ ಇಳಿದುಬಿಡಲಿಕ್ಕೋ? ಅದನ್ನು ನಾನು ನನಗೇ ಪೂರ್ತಿಯಾಗಿ ಹೇಳಿಕೊಳ್ಳಲಿಲ್ಲ.

ಮೊದಲು ಹತ್ತಿರದ ಚೋಳೇನಹಳ್ಳಿ ಕೆರೆಗೆ ಹೋದೆವು. ಅಲ್ಲಿ ಬಟ್ಟೆ ಒಗೆಯುವ ಹೆಂಗಸರು, ನೀರಿಗೆ ಬಿದ್ದ ಎಮ್ಮೆಗಳು, ಅಷ್ಟೆ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಬಂದೆ. ಇವರಿಗೆ ಗಾಡಿ ಓಡಿಸುವ ಹಾಗಿಲ್ಲ, ಎಲ್ಲಿಗೆ ಹೋಗಿದ್ದರೂ ಬಸ್ಸಿನಲ್ಲೇ ಹೋಗಿರಬೇಕು. ಇವರ ಜೊತೆ ಬಹಳ ಕಾಲ ಕೆಲಸ ಮಾಡಿದ ಕಂಡಕ್ಟರ್ ಒಬ್ಬ ಸಿಕ್ಕಿದ.

"ಅಣ್ಣ ಬೆಳಿಗ್ಗೆನೇ ನಮ್ಮ ಕೊರಟಗೆರೆ ಗಾಡಿ ಹತ್ತಿದ್ರು ಕಣಕ್ಕ. ಡ್ರೈವರ್ ಹಿಂದಗಡೆ ಸೀಟಲ್ಲೇ ಕುಂತಿದ್ರು. ಗೇರ್ ಹಾಕ್ದಾಗೆಲ್ಲ ಅವರ ಎಡಗಾಲು ಆಡ್ತಿತ್ತು, ಕ್ಲಚ್ ತುಳಿಯೋ ಹಂಗೆ. ನೋಡಕ್ಕಾಗ್ಲಿಲ್ಲ."

"ಎಲ್ಲಿಗೆ ಅಂತ ನೀನಾದ್ರೂ ಕೇಳಬಾರದಾ?"

"ನಮ್ಮಣ್ಣನಿಗೆ ಟಿಕೆಟ್ ಹರೀತೀವಾ ಅಕ್ಕ, ಕೇಳೋಕೆ? ಕೈಯಲ್ಲಿ ಗಾಳ ಬೇರೆ ಇತ್ತು. ಕೊರಟಗೆರೇಲಿ ಇಳಿದ್ರು."

ಇವನೂ ಅದೇ ಜಾತಿ. ಅವನನ್ನು ಬೈಯುವ ಹೊತ್ತಲ್ಲ ಎಂದು ಶಿರಾಕ್ಕೆ ಫೋನ್ ಮಾಡಿದೆ. ಅಲ್ಲಿ ಹಾಸಿಗೆ ಹೊಲಿಯುವ ಸಾಬರೊಬ್ಬರು ಇವರ ಗಾಳದ ಜೊತೆಗಾರರು. ಹಿಂದೆ ಇಬ್ಬರೂ ಒಂದೇ ಏರಿಯ ಮೇಲೆ ದಿನವಿಡೀ ಕೂತು, ನಾಲ್ಕು ಮಾತೂ ಆಡದೆ ಎದ್ದು ಬರುತ್ತಿದ್ದರು.

"ನನಿಗೂ ಹೇಳಿಲ್ಲ ಭಾಬಿ," ಎಂದರು ಅವರು. ದನಿ ಇಳಿದುಹೋಯಿತು. "ಡಾಕ್ಟರ್ ಹಂಗೆ ಹೇಳಿದ್ಮೇಲೆ ನಾನೇ ಕರೆಯೋದು ಬಿಟ್ಬಿಟ್ಟೆ. ಭಯ ಆಯ್ತು. ಕೊರಟಗೆರೆ ಅಂದ್ರೆ ತೀತಾ ಡ್ಯಾಮು, ಇಲ್ಲಾಂದ್ರೆ ಮಾವತ್ತೂರು ಕೆರೆ. ಫಿಕರ್ ಮಾಡಬೇಡಿ. ಸಿಕ್ಕಿದ ಕೂಡ್ಲೆ ನಂಗೊಂದು ಫೋನ್ ಹಾಕಿ."

ಫಿಕರ್ ಮಾಡಬೇಡಿ ಎನ್ನುವುದು ಸುಲಭ. ಕೊರಟಗೆರೆ ದಾಟಿ ತೀತಾ ತಲುಪುವವರೆಗೂ ಅತ್ತೆ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಸಂಜೆ ನೋಡಿದಾಗ ಬೆರಳಿನ ಗುರುತು ಮೂಡಿತ್ತು. ಡ್ಯಾಮಿನಲ್ಲಿ ನೀರು ತುಂಬಿತ್ತು. ದಡದಲ್ಲಿ ನರಪಿಳ್ಳೆ ಇರಲಿಲ್ಲ. ಕೆಳಗಿಳಿದು ಹೋದರೆ ನೀರಿನಂಚಿನ ಕಲ್ಲಿನ ಮೇಲೆ ಒಂದು ಜೊತೆ ಗಂಡಸಿನ ಚಪ್ಪಲಿ. ಕಂದು ಬಣ್ಣದ್ದು, ಹಿಮ್ಮಡಿ ಸವೆದದ್ದು. ಪಕ್ಕದಲ್ಲಿ ಮಡಿಸಿಟ್ಟ ಅಂಗಿ.

ಇವರ ಅಂಗಿ ಯಾವ ಬಣ್ಣದ್ದು ಎಂದು ನೆನಪು ಮಾಡಿಕೊಳ್ಳಲು ಹೋದರೆ ಏನೂ ಹೊಳೆಯದು. ಅತ್ತೆ ಅಲ್ಲೇ ಕುಸಿದು ಕೂತು, ಆ ಚಪ್ಪಲಿಯನ್ನು ಮಡಿಲಿಗೆ ಎಳೆದುಕೊಂಡು, "ಅಯ್ಯೋ ದೇವುಡಾ, ನಾ ಕೊಡುಕಾ, ನನ್ನ ಮಗನೇ" ಎಂದು ಅಳಲು ಶುರು ಮಾಡಿದರು. ನಾನು ನೀರಿನ ಕಡೆ ನೋಡುತ್ತ ನಿಂತಿದ್ದೆ.

ಆಗ ಜೊಂಡಿನ ಮರೆಯಿಂದ ಲಾರಿ ಟ್ಯೂಬಿನ ಮೇಲೆ ಕೂತು ಬಲೆ ಬಿಡಿಸುತ್ತಿದ್ದ ಒಬ್ಬ ಮನುಷ್ಯ ಕೈಯಲ್ಲೇ ಹುಟ್ಟು ಹಾಕುತ್ತ ಬಂದ. ನಮ್ಮಿಬ್ಬರನ್ನೂ ನೋಡಿದ. ಅತ್ತೆಯ ಮಡಿಲು ನೋಡಿದ.

"ಯಾಕಜ್ಜಿ, ನನ್ನ ಎಕ್ಕಡ ಇಟ್ಕೊಂಡು ಅಳ್ತಿದೀಯಾ?"

ಅತ್ತೆ ಚಪ್ಪಲಿ ನೋಡಿದರು, ಅವನನ್ನು ನೋಡಿದರು, ಬೆಂಕಿ ಮುಟ್ಟಿದವರಂತೆ ಅದನ್ನು ಬಿಸಾಡಿ ಕೈಯನ್ನು ಸೀರೆಗೆ ಒರೆಸಿಕೊಂಡರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ವಿಷಯ ಹೇಳಿದೆ. ಅವನು ಒಳ್ಳೆಯವನು, ಸುಮ್ಮನೆ ಕೇಳಿಸಿಕೊಂಡ. "ಇಲ್ಲಿ ಟೆಂಡರ್ ಆಗೈತೆ ಕಣಕ್ಕ, ಗಾಳದೋರ್ನ ಬುಡಲ್ಲ. ಮಾವತ್ತೂರು ಕೆರೆ ಕೋಡಿ ಬಿದ್ದೈತೆ, ಎಲ್ಲಾ ಅಲ್ಲಿಗೇ ಹೋಗ್ತವ್ರೆ. ಅಲ್ಲೇ ಇರ್ತಾರೆ, ಹೋಗಿ" ಎಂದ. ನನ್ನ ಬಾಟಲಿಗೆ ತನ್ನ ಕ್ಯಾನಿನಿಂದ ಕುಡಿಯುವ ನೀರನ್ನೂ ತುಂಬಿಸಿಕೊಟ್ಟ.

ಕೊಳಾಲದ ದಾರಿಯಲ್ಲಿ ಅತ್ತೆ ಹಿಂದಿನಿಂದ ಮಾತು ತೆಗೆದರು. ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ನಾನು ಸ್ಕೂಟಿ ನಿಲ್ಲಿಸಿದೆ.

"ಮೀನು ಬೀಳ್ಲಿ ಅಂತ ಕಣಮ್ಮ ನಾನು ಗ್ವಾಡೆ ಕಡೆ ತಿರುಗಿದ್ದು. ಒಂದು ದಪ್ಪ ಮೀನು ಬಿದ್ರೆ ಮೊದಲ್ನಂಗೆ ಆಗ್ತಾನೆ, ಬಾಯಿ ಬಿಟ್ಟು ಮಾತಾಡ್ತಾನೆ ಅಂದ್ಕೊಂಡೆ. ಅವನು ಹೋದ ಮೇಲೆ ಇನ್ನೊಂದು ಹೊಳೀತು. ಅವನು ಮೀನಿಗೇ ಹೋದ್ನೋ, ಇಲ್ಲಾ..." ಅಷ್ಟಕ್ಕೆ ನಿಲ್ಲಿಸಿದರು.

"ನನಗೂ ಅದೇ ಅತ್ತೆ," ಎಂದೆ.

ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಭಯವನ್ನು ಬಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಅಡುಗೆ ಮಾಡಿದ್ದೆವು, ಉಂಡಿದ್ದೆವು. ಹೇಳಿಕೊಂಡ ಮೇಲೆ ಭಯವೇನೂ ಕಡಿಮೆಯಾಗಲಿಲ್ಲ, ಆದರೆ ಹೊರಲು ಇಬ್ಬರಾದೆವು. ಬೆಳಿಗ್ಗೆ ಅಂದದ್ದಕ್ಕೆ ತಪ್ಪಾಯಿತು ಎಂದೆ. "ಊರ್ಕೋ, ಇರ್ಲಿ, ಗಾಡಿ ಬಿಡು" ಎಂದರು ಅತ್ತೆ.

ಮಾವತ್ತೂರು ಕೆರೆ ನಿಜಕ್ಕೂ ತುಂಬಿ ಕೋಡಿ ಹರಿಯುತ್ತಿತ್ತು. ಕೋಡಿಯ ಬಳಿ ಗಾಳದವರ ಸಾಲೇ ಇತ್ತು. ಒಬ್ಬೊಬ್ಬರ ಬೆನ್ನನ್ನೂ ನೋಡುತ್ತ ನಡೆದೆ, ಯಾವುದೂ ಇವರದಲ್ಲ. ಆ ಸಾಲು ಮುಗಿದು, ಜನ ಮುಗಿದು, ತೂಬಿನ ಆಚೆ ಏರಿ ತಿರುಗುವ ಕಡೆಗೆ ಬಂದೆವು. ಅಲ್ಲಿ ಒಂದು ಹೊಂಗೆ ಮರ. ಮರದ ಕೆಳಗೆ, ನೀರಿಗೆ ಮುಖ ಮಾಡಿ, ನೆಟ್ಟಗೆ ಕೂತ ಒಂದು ಬೆನ್ನು. ಬಸ್ಸು ಓಡಿಸುವಾಗಲೂ ಹಾಗೇ ಕೂರುತ್ತಿದ್ದರು.

ಹೋದ ಜೀವ ಬಂದ ಹಾಗಾಯಿತು. ಜೀವ ಬಂದ ಕೂಡಲೇ ಕೋಪವೂ ಬಂತು. ದಾರಿಯುದ್ದಕ್ಕೂ ಕೂಡಿಟ್ಟುಕೊಂಡ ಬೈಗುಳವನ್ನೆಲ್ಲ ನಾಲಿಗೆಯ ಮೇಲೆ ತಂದುಕೊಂಡು ದಡದಡನೆ ಇಳಿದೆ. ಹತ್ತಿರ ಹೋದಾಗ ಕಂಡಿತು, ಅವರ ಕೆನ್ನೆ, ತೋಳು, ಅಂಗಿಯ ಎರಡೂ ಮಗ್ಗುಲು ಪೂರ್ತಿ ಕೆಸರು.

"ಬಂತೇನ್ರೀ? ಬಿದ್ರಾ?"

ಇವರು ತಿರುಗಿ ನಮ್ಮಿಬ್ಬರನ್ನೂ ನೋಡಿ ಕಳ್ಳನ ಹಾಗೆ ಎದ್ದು ನಿಲ್ಲಲು ಹೋದರು. ಏಳಲಾಗಲಿಲ್ಲ. ಆಗಲೇ ನಾನು ಹಗ್ಗ ನೋಡಿದ್ದು. ಬಸ್ಸಿನ ಮೇಲೆ ಲಗೇಜು ಬಿಗಿಯುವ ನೀಲಿ ನೈಲಾನ್ ಹಗ್ಗ. ಒಂದು ತುದಿ ಹೊಂಗೆ ಬುಡಕ್ಕೆ, ಇನ್ನೊಂದು ತುದಿ ಅವರ ಸೊಂಟಕ್ಕೆ.

"ಏನೂ ಬಂದಿಲ್ಲ ಕಣೆ," ಎಂದರು. "ನಾನೇ ಬಿದ್ದು ನೋಡ್ದೆ."

"ಅಂದ್ರೆ?"

"ಫಿಟ್ಸ್ ಬಂದ್ರೆ ಎಲ್ಲಿಗೆ ಬೀಳ್ತೀನಿ ಅಂತ. ಹಗ್ಗ ಕಟ್ಕೊಂಡು ಮುಂದಕ್ಕೆ ಬಿದ್ದೆ, ಮುಖ ನೀರಿಗೆ ತಾಕ್ತು. ಹಗ್ಗ ಮೋಟು ಮಾಡ್ದೆ. ಎಡಕ್ಕೆ ಬಿದ್ದೆ, ಬಲಕ್ಕೆ ಬಿದ್ದೆ. ಈಗ ಯಾವ ಕಡೆ ಬಿದ್ರೂ ಮೂತಿ ಮಣ್ಣಿಗೇ. ಸಾಯಲ್ಲ."

ಎಷ್ಟೋ ತಿಂಗಳ ಮೇಲೆ ಅವರು ಒಟ್ಟಿಗೆ ಅಷ್ಟು ಮಾತು ಆಡಿದ್ದು ಅದೇ ಮೊದಲು. ನಾನು ನೆಲ ನೋಡಿದೆ. ಒದ್ದೆ ಮಣ್ಣಿನಲ್ಲಿ ಒಂದು ಆಳಿನ ಗುರುತು ಮೂರು ಕಡೆಗೂ ಮೂಡಿತ್ತು, ಅಂಗೈ, ಮೊಣಕೈ, ಕೆನ್ನೆ. ಇವರು ಸಾಯಲು ಹೋದರೆಂದು ನಾವಿಬ್ಬರು ಕೆರೆ ಕೆರೆ ಅಲೆಯುವ ಹೊತ್ತಿನಲ್ಲಿ ಈ ಮನುಷ್ಯ ಸಾಯದೆ ಇರುವುದು ಹೇಗೆಂದು ಕೆಸರಿನಲ್ಲಿ ಬಿದ್ದು ಎದ್ದು ಅಳತೆ ನೋಡುತ್ತಿದ್ದರು. ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತೆ ಬಂದು ಮಗನ ಬೆನ್ನಿಗೆ ಎರಡು ಗುದ್ದಿದರು. ಆಮೇಲೆ ಪಕ್ಕದಲ್ಲಿದ್ದ ಮೀನಿನ ಬುಟ್ಟಿಯೊಳಗೆ ಬಗ್ಗಿ, "ಬರೀ ಜಿಲೇಬಿ ಮೀನೇನೋ, ಒಂದು ದಪ್ಪ ಗೆಂಡೆನೂ ಬೀಳ್ಲಿಲ್ವಾ?" ಎಂದರು.

ಶಿರಾದ ಸಾಬರಿಗೆ ಫೋನ್ ಮಾಡಿ ಇವರ ಕೈಗೇ ಕೊಟ್ಟೆ. ಅತ್ತ ಕಡೆಯಿಂದ ಬೈಗುಳವೋ ಅಳುವೋ, ಇವರು ಕೇಳಿಸಿಕೊಳ್ಳುತ್ತ ಕೂತರು. ಇನ್ನು ಮೇಲೆ ಇಬ್ಬರೂ ಒಟ್ಟಿಗೇ ಹೋಗುವುದು ಎಂದು ಮಾತಾಯಿತು.

ಹೊರಡೋಣವೇ ಎಂದು ಇವರು ಸೊಂಟದ ಗಂಟಿಗೆ ಕೈ ಹಾಕಿದರು. ಇನ್ನೂ ಬಿಸಿಲಿತ್ತು. ಕೂತ್ಕೊಳ್ಳಿ ಎಂದೆ. ನಾನೇ ಹಗ್ಗ ಎಳೆದು ನೋಡಿದೆ. ಮರದ ಕಡೆಯ ಗಂಟು ಸಡಿಲವಾಗಿತ್ತು. ಅದನ್ನು ಬಿಚ್ಚಿ, ಒಂದು ಗೇಣು ಮೋಟು ಮಾಡಿ, ಹಲ್ಲು ಕಚ್ಚಿ ಬಿಗಿದೆ.

"ಈಗ ಬೀಳಿ, ನೋಡೋಣ," ಎಂದೆ.

ಇವರು ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲವೆಂದು ಗೊತ್ತಾಗಿ, ಕಡ್ಡಿಯನ್ನು ಅತ್ತೆಯ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಮುಂದಕ್ಕೆ ಬಿದ್ದರು. ಹಗ್ಗ ಬಿಗಿದು ಹಿಡಿಯಿತು. ನೀರು ಅವರ ಮುಖದಿಂದ ಒಂದು ಮೊಳ ಆಚೆಗಿತ್ತು. ಇವರು ಏಳಲಿಲ್ಲ. ಕೆನ್ನೆಯನ್ನು ಕೆಸರಿಗೆ ಒತ್ತಿಕೊಂಡು ಹಾಗೇ ಮಲಗಿ ನಗತೊಡಗಿದರು, ಹೊಟ್ಟೆ ಕುಣಿಯುವ ಹಾಗೆ. ಅತ್ತೆ ಕಡ್ಡಿ ಹಿಡಿದುಕೊಂಡು ಕೋಡಿಯ ಕಡೆಯ ಜನಕ್ಕೆಲ್ಲ ಕೇಳುವಂತೆ, "ನನ್ನ ಮಗ ನಗ್ತಾವ್ನೆ ಕಣ್ರಪ್ಪಾ" ಎಂದರು.